ನಾನು ಕತ್ತರಿಸಿದ ಮೂರು ಸೆಕೆಂಡು

ನಸೀಮಾ, ಆ ವಿಡಿಯೋದಿಂದ ನಿನ್ನ ಹೆಸರನ್ನು ಕತ್ತರಿಸಿದ್ದು ಕಂಪನಿಯವರಲ್ಲ. ನಾನು.

ಮೂರು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದೆ. ಬರೆಯಲು ಇಷ್ಟೇ ಜಾಗ ಸಾಕಾಯಿತು ನೋಡು.

ಆ ವಿಡಿಯೋ ಮಾಡುವ ಮೊದಲು ಏನೇನು ಕೆಡಬಹುದು ಎಂದು ನಾನು ಪಟ್ಟಿ ಮಾಡಿದ್ದೆ — ಪಟ್ಟಿ ಮಾಡದೆ ನಾನು ತರಕಾರಿಗೂ ಹೋಗುವವಳಲ್ಲ. ದಾರದ ಪಾರ್ಸಲ್ ತುಮಕೂರಿಗೆ ಬರುವ ಬದಲು ಇನ್ನೆಲ್ಲಿಗೋ ಹೋಗಬಹುದು. ಕಂಪನಿಯೇ ಸುಳ್ಳಿರಬಹುದು, ನನ್ನ ಆಧಾರ್ ಕಾರ್ಡಿನ ಮೇಲೆ ಯಾರೋ ಸಿಮ್ ತೆಗೆದುಕೊಂಡು ಪೊಲೀಸರು ನಮ್ಮ ಮನೆಗೆ ಬರಬಹುದು. ದಾರ ಬಣ್ಣ ಬಿಟ್ಟು ಓರಗಿತ್ತಿಯಿಂದ ಕೇಳಿ ತಂದ ರೇಷ್ಮೆ ಸೀರೆ ಹಾಳಾಗಬಹುದು. ಕರೆಂಟ್ ಹೋಗಬಹುದು. ಸ್ಟೂಲಿಗೆ ಕಟ್ಟಿದ ಫೋನು ಬಿಚ್ಚಿಕೊಂಡು ಮೊಸರಿನ ಪಾತ್ರೆಗೆ ಬೀಳಬಹುದು — ಅಲ್ಲಿ ಮೊಸರಿನ ಪಾತ್ರೆ ಇರಲೇ ಇಲ್ಲ, ಆದರೂ. ನಮ್ಮ ಯಜಮಾನರು ಬನಿಯನ್ನಿನಲ್ಲಿ ಹಿಂದಿನಿಂದ ಹಾದುಹೋಗಬಹುದು.

ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯುತ್ತೇನೆ, ನಿಮ್ಮ ಮನೆಯಲ್ಲಿ ಇದನ್ನು ಓದುವ ಬೇರೆಯವರಿಗಾಗಿ. ನಾವಿಬ್ಬರೂ ಒಂದೇ ಬೀದಿಯವರು, ಇಬ್ಬರೂ ಸೀರೆಯ ಸೆರಗಿಗೆ ಕುಚ್ಚು ಕಟ್ಟುವವರು. ನಲವತ್ತೈದು ದಾಟಿದ ಮೇಲೆ ನನಗೆ ಕುಚ್ಚಿನ ವಿಡಿಯೋ ಮಾಡುವ ಹುಚ್ಚು ಹಿಡಿಯಿತು. ನೋಡುವವರಲ್ಲಿ ಅರ್ಧ ಜನ ನಮ್ಮ ನೆಂಟರು, ಉಳಿದರ್ಧ ನೆಂಟರ ನೆಂಟರು. ಹೀಗಿರುವಾಗ ಒಂದು ರೇಷ್ಮೆ ದಾರದ ಕಂಪನಿಯಿಂದ ಮೆಸೇಜು — ನಿಮ್ಮ ಮಾತು ಚೆನ್ನಾಗಿದೆ, ನಮ್ಮ ದಾರದಲ್ಲಿ ಒಂದು ವಿಡಿಯೋ ಮಾಡಿಕೊಡಿ, ದುಡ್ಡು ಕೊಡುತ್ತೇವೆ. ನಾನು ಅದನ್ನು ಐದು ಸಲ ಓದಿ, ಚಪ್ಪಲಿ ಕೂಡ ಹಾಕಿಕೊಳ್ಳದೆ ನಿನ್ನ ಮನೆಗೆ ಓಡಿ ಬಂದೆ.

ಸಂತೋಷ ಒಂದು ಗಂಟೆ ಇತ್ತು. ಆಮೇಲೆ ಕೈ ನಡುಗಲು ಶುರುವಾಯಿತು. ಸೂಜಿಗೆ ದಾರ ಪೋಣಿಸುವುದಕ್ಕೇ ಅರ್ಧ ದಿನ. ನೀನು ನೋಡಿ ನೋಡಿ ಸಾಕಾಗಿ ನಕ್ಕುಬಿಟ್ಟೆ.

"ಗೀತಕ್ಕ, ಏನು ಚಳಿಜ್ವರಾನಾ? ಸರಿ ಅತ್ಲಾಗೆ. ಬಾಯಿ ನಿಂದು, ಕೈ ನಂದು. ಆಯ್ತಾ?"

ನನ್ನ ಹಸಿರು ಗಾಜಿನ ಬಳೆ ತೊಟ್ಟು ನೀನು ಕೂತೆ. ಮೊದಲು ನನ್ನ ಮುಖ, ಆಮೇಲೆ ನಿನ್ನ ಕೈ. ನೀನು ಎಡಗೈಯವಳು. ನೀನು ಹಾಕುವ ಗಂಟು ಒಂಚೂರು ಎಡಕ್ಕೆ ವಾಲಿ ಕೂರುತ್ತದೆ, ಕುಚ್ಚು ತಲೆ ವಾರೆ ಮಾಡಿ ನೋಡುವ ಮಗುವಿನ ಹಾಗೆ ಕಾಣುತ್ತದೆ. ಎಷ್ಟೋ ವರ್ಷದಿಂದ ಕಲಿಯಲು ನೋಡಿದ್ದೇನೆ, ನನಗೆ ಬಂದಿಲ್ಲ.

ನೀನು ಕೇಳಿದ್ದು ಒಂದೇ. "ಮುಖ ಬೇಡಕ್ಕ. ಹೆಸರು ಒಂದ್ಸಲ ಹೇಳ್ಬಿಡು, ಸಾಕು. ಬೆಳ್ಳಾವೀಲಿ ನಮ್ಮಮ್ಮಿಗೆ ಕೇಳಿಸ್ಬೇಕು. ಎಡಗೈ ಕೆಲಸ ಯಾರು ತಗೋತಾರೆ ಅಂತ ಬೈದು ಬೈದೇ ಕಲಿಸಿದ್ದು ಅವರು."

ಹೇಳಿದೆ. ಆಣೆ ಮಾಡಿ ಹೇಳುತ್ತೇನೆ, ಹೇಳಿದ್ದೆ — "ಈ ಕೈ ನಮ್ಮ ನಸೀಮಾ ಅವರದು." ನೀನು ಪಕ್ಕದಲ್ಲೇ ಕೇಳಿಸಿಕೊಂಡು ಬಳೆ ಕುಲುಕಿಸಿ ನಕ್ಕೆ, ಆ ಸದ್ದೂ ರೆಕಾರ್ಡಾಗಿದೆ.

ವಿಡಿಯೋ ಒಂದು ನಿಮಿಷಕ್ಕಿಂತ ಹೆಚ್ಚಿರಬಾರದು ಎಂದಿದ್ದರು. ನಮ್ಮದು ಮೂರು ಸೆಕೆಂಡು ಹೆಚ್ಚಾಯಿತು. ಮೊದಲಲ್ಲಿ ನಾನು ಕೈ ಮುಗಿದು "ಎಲ್ಲರಿಗೂ ನಮಸ್ಕಾರ, ನಾನು ನಿಮ್ಮ ಗೀತಾ" ಎನ್ನುತ್ತೇನಲ್ಲ, ಅದೇ ನಾಲ್ಕು ಸೆಕೆಂಡು. ಅದನ್ನು ತೆಗೆಯಬಹುದಿತ್ತು. ತೆಗೆಯಲಿಲ್ಲ, ನಿನ್ನ ಹೆಸರಿದ್ದ ಮೂರು ಸೆಕೆಂಡು ತೆಗೆದೆ. ಕೈ ನನ್ನದಲ್ಲ ಎಂದು ಗೊತ್ತಾದರೆ ಕಂಪನಿಯವರು ಬೇಡ ಎನ್ನುತ್ತಾರೇನೋ ಎಂಬ ಭಯ ಇತ್ತು, ನಿಜ. ಆದರೆ ಬರೀ ಭಯ ಎಂದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಆ ಕೈ ನನ್ನದು ಎಂದು ನಾಲ್ಕು ಜನ ಅಂದುಕೊಳ್ಳಲಿ ಎಂದು — ಹೌದು, ಆಸೆಯಿತ್ತು.

ನೀನು ಕೇಳಿದಾಗ ಹೇಳಿದೆ, "ಕಂಪ್ನಿಯೋರು ಕಟ್ ಮಾಡ್ಬಿಟ್ರು ಕಣೇ." ನೀನು ನನ್ನನ್ನೇ ಸಮಾಧಾನ ಮಾಡಿದೆ. "ಹೋಗ್ಲಿ ಬುಡಕ್ಕ, ಅವರಿಗೇನು ಗೊತ್ತು."

ಗುಬ್ಬಿಯಲ್ಲಿರುವ ನನ್ನ ತಂಗಿ ಸುಜಾತ ಮಾತ್ರ ಅದೇ ದಿನ ಫೋನ್ ಮಾಡಿದಳು. "ಅಕ್ಕ, ಅದು ನಿನ್ನ ಕೈಯಲ್ಲ. ನಿನ್ನ ಕೈಯಿ ಅಷ್ಟು ನೆಟ್ಟಗಿದ್ದಿದ್ರೆ ನಮ್ಮನೇಲಿ ಅಷ್ಟು ಲೋಟ ಒಡೀತಿರ್ಲಿಲ್ಲ." ನಾನು ಸಿಗ್ನಲ್ ಇಲ್ಲ ಎಂದು ಫೋನ್ ಇಟ್ಟೆ.

ತಿಂಗಳಾದ ಮೇಲೆ ಕಂಪನಿಯವರು ಮತ್ತೆ ಕರೆದರು — ಕುಣಿಗಲ್ಲಿನ ಸೀರೆ ಅಂಗಡಿಯಲ್ಲಿ ಜನರ ಮುಂದೆ ಅದೇ ವಾಲಿದ ಗಂಟನ್ನು ಹಾಕಿ ತೋರಿಸಬೇಕು. ಈಗ ಎಲ್ಲಿಗೆ ಓಡುವುದು? ಜೊತೆಗೆ ಬಾ ಎಂದು ನಿನ್ನನ್ನು ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ನೀನು ಕಡ್ಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತಲೇ ಇದ್ದೆ, ನಾನು ಅಲುಗಿಸಿ ಅಲುಗಿಸಿ ಅರ್ಧ ಕೆಳಗೆ ಚೆಲ್ಲಿದೆ.

ಅಂಗಡಿ ತುಂಬ ಹೆಂಗಸರು. ಕಂಪನಿಯ ಹುಡುಗಿ ರಚನಾ ನನ್ನ ಕೈಗೆ ಮೈಕು ಕೊಟ್ಟಳು, ಮೈಕೂ ನಡುಗಿತು. ಕೊನೆಗೆ ಬಾಯಿಂದ ಬಂತು, "ವಿಡಿಯೋದಲ್ಲಿರೋ ಕೈ ನಂದಲ್ಲ. ಇವಳದ್ದು. ನಸೀಮಾ."

ಪೊಲೀಸರು ಬರಲಿಲ್ಲ. ಚಪ್ಪಾಳೆ ಬಂತು! ನೀನು ಕೂತು ಸೆರಗು ಹರಡಿ ಒಂದರ ಹಿಂದೊಂದು ಗಂಟು ಹಾಕಿದೆ. ಒಬ್ಬ ಅಜ್ಜಿ ಬಗ್ಗಿ ನೋಡಿ, "ಎಡಗೈಯಾ ತಾಯಿ ನಿಂದು?" ಎಂದರು. "ಹೂಂ ಅಜ್ಜಿ, ಬಲಗೈ ಟೀ ಕುಡಿಯಾಕೆ ಇಟ್ಕೊಂಡಿದೀನಿ," ಎಂದೆ ನೀನು. ಅಂಗಡಿಗೆ ಅಂಗಡಿಯೇ ನಕ್ಕಿತು. ಅಂಥ ಸಂತೋಷದ ದಿನ ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಅಷ್ಟರಲ್ಲಿ ನೀನು ರಚನಾ ಕಡೆ ತಿರುಗಿದೆ. "ಏನಮ್ಮಾ, ನಮ್ಮ ಗೀತಕ್ಕ ಅಷ್ಟು ಪ್ರೀತಿಯಿಂದ ನನ್ನ ಹೆಸರು ಹೇಳಿದ್ರೆ ಕಟ್ ಮಾಡೋದಾ ನೀವು? ನನ್ನ ಹೆಸರೇನು ಸೀರೆಯಷ್ಟು ಉದ್ದ ಐತಾ?"

ಆ ಹುಡುಗಿಗೆ ಏನೂ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು. ನಾನು ಸೆರಗಿನ ಜರಿ ನೋಡಿದೆ. ಆಗ ಅರ್ಥವಾಯಿತು ಅವಳಿಗೆ.

"ಸಾರಿ ಆಂಟಿ," ಎಂದಳು ನಿನಗೆ. "ಇನ್ಮೇಲೆ ಹಂಗಾಗಲ್ಲ."

ನನ್ನ ಮಗಳ ವಯಸ್ಸಿನವಳು, ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಅಲ್ಲಿಂದ ಎಲ್ಲ ಒಳ್ಳೆಯದೇ ಆಯಿತು. ಚಾನೆಲ್ಲಿಗೆ ಇಬ್ಬರ ಹೆಸರೂ ಬಿತ್ತು, ಇಬ್ಬರಿಗೂ ಕೈತುಂಬ ಕೆಲಸ. ಆದರೆ ಬಂದ ಗಿರಾಕಿಗೆಲ್ಲ ನೀನು ಆ ಕತೆ ಹೇಳುತ್ತೀಯ — ಕಂಪನಿಯವರು ಕಟ್ ಮಾಡಿದ್ದು, ನೀನು ಬೈದದ್ದು. ಪ್ರತಿ ಸಲವೂ ನಾನು ಒಳಗೆ ಹೋಗಿ ಟೀ ಇಡುತ್ತೇನೆ. ಮೊನ್ನೆ ನೀನು ನಗುತ್ತಲೇ ಇನ್ನೊಂದು ಸೇರಿಸಿದೆ, ಆ ಮೊದಲ ವಿಡಿಯೋ ಹಾಕಿ ತೋರಿಸಿದಾಗ ಅಮ್ಮಿ ಅದು ಮುಗಿದ ಮೇಲೂ ಫೋನನ್ನು ಕಿವಿಯ ಹತ್ತಿರವೇ ಹಿಡಿದುಕೊಂಡಿದ್ದರಂತೆ. "ನಿನ್ನ ಹೆಸರು ಇನ್ನೂ ಬರಬೇಕಲ್ವಾ?" ಎಂದು ಕೇಳಿದರಂತೆ.

ಆವತ್ತಿನ ಟೀ ಉಕ್ಕಿ ಹೋಯಿತು.

ಕತ್ತರಿಸದ ವಿಡಿಯೋ ನನ್ನ ಹಳೆಯ ಫೋನಿನಲ್ಲಿ ಹಾಗೇ ಇದೆ, ನಿನ್ನ ಬಳೆಯ ಸದ್ದಿನ ಸಮೇತ. ಈ ಕಾಗದವನ್ನು ನಾಳೆ ಬೆಳಿಗ್ಗೆ ನಿನ್ನ ಕೈಗೆ ಕೊಡುತ್ತೇನೆ. ರಚನಾಗೂ ಫೋನ್ ಮಾಡುತ್ತೇನೆ. ನೀನು ಒಪ್ಪಿದರೆ ಭಾನುವಾರ ನಾನೇ ಬೆಳ್ಳಾವಿಗೆ ಬಂದು ಅಮ್ಮಿಯ ಕಿವಿಗೆ ಆ ಫೋನು ಹಿಡಿಯುತ್ತೇನೆ. ನೀನು ಒಪ್ಪದೆ ಇರಬಹುದು. ಬಾಗಿಲು ತೆಗೆಯದೆ ಇರಬಹುದು. ನಾನು ತಿಂಡಿ ಹಾಕಿ ಕಳಿಸುವ ಡಬ್ಬಿಯನ್ನು ಮೊದಲ ಸಲ ಖಾಲಿ ವಾಪಸ್ ಕಳಿಸಬಹುದು — ನೋಡು, ಮತ್ತೆ ಪಟ್ಟಿ.

ಆವತ್ತಿನ ಪಟ್ಟಿಯಲ್ಲಿದ್ದದ್ದು ಯಾವುದೂ ಆಗಲಿಲ್ಲ. ಪಾರ್ಸಲ್ ಬಂತು, ದಾರ ಬಣ್ಣ ಬಿಡಲಿಲ್ಲ, ಕರೆಂಟ್ ಹೋಗಲಿಲ್ಲ, ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಓಡಾಡಿದರು. ಕೆಟ್ಟದ್ದು ಒಂದೇ — ಎಲ್ಲದಕ್ಕೂ ನಡುಗುವ ನನ್ನ ಕೈ, ನಿನ್ನ ಹೆಸರು ಕತ್ತರಿಸುವಾಗ ನಡುಗಲಿಲ್ಲ.