ಅಡುಗೆಮನೆಯ ಕತ್ತಲಿಗೊಂದು ರೀಲು

ಬೈಲಹೊಂಗಲದ ಪೇಟೆಯಲ್ಲಿ, ಮಲ್ಲಿಕಾರ್ಜುನನ ಸ್ಟುಡಿಯೋದ ಮೇಜಿನ ಮೇಲೆ ಶೀತಲ ತನ್ನ ಮಾವನ ಕಾಲದ ಸಿನಿಮಾ ಕ್ಯಾಮೆರಾ ಇಟ್ಟಳು. ಗುಂಡಿ ಒತ್ತಿದರೆ ಇನ್ನೂ ಗುರ್ರೆನ್ನುತ್ತಿತ್ತು. ರೀಲು ಮಾತ್ರ ಮುಂಬೈಯಿಂದ ಬರಬೇಕು. ಒಂದು ಡಬ್ಬಿಗೆ ಮೂರೇ ನಿಮಿಷದ ಸಿನಿಮಾ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲುವುದರೊಳಗೆ ಕೈಸೇರಬೇಕು.

‘ಕಲರ್ ತರಸೋ ಮಲ್ಲು,’ ಎಂದ ಗಂಡ ಶ್ರೀಶೈಲ. ‘ಹಸರ ಜ್ವಾಳ, ಎತ್ತಿನ ಬೆನ್ನ ಮ್ಯಾಲಿನ ಜೂಲಾ, ನಮ್ಮ ತಲಿ ಮ್ಯಾಲಿನ ಪಟಕಾ... ಅಪ್ಪನ ರೀಲಿನಗತೆ ಝಗ್ ಅನಬೇಕು.’

ಮಾವನ ಆ ರೀಲುಗಳನ್ನು ಶೀತಲ ನೋಡಿದ್ದಳು. ಎತ್ತುಗಳಿದ್ದವು, ಪಟಕಾಗಳಿದ್ದವು, ಗಾಡಿ ತುಂಬ ಬುತ್ತಿಯ ಬುಟ್ಟಿಗಳಿದ್ದವು. ಬುಟ್ಟಿ ತುಂಬಿದವರಿರಲಿಲ್ಲ. ಒಂದು ಕಡೆ ಮಾತ್ರ, ಬಾಗಿಲ ಮರೆಯಿಂದ ಹಸಿರು ಬಳೆಯ ಕೈಯೊಂದು ಚಹಾದ ತಾಟು ಚಾಚಿ ಮರೆಯಾಗಿತ್ತು. ‘ಅದಽ ನಾನವ್ವಾ,’ ಎಂದು ಅತ್ತೆ ಕೆಂಚವ್ವ ನಕ್ಕಿದ್ದಳು. ‘ಒಳಗ ಕತ್ತಲಾ, ರೀಲಿನ್ಯಾಗ ಬರೂದಿಲ್ಲ ಅಂತಿದ್ರು ನಿಮ್ಮ ಮಾವ. ಹೊತ್ತ ಮೂಡೂದ್ರಾಗ ನಮ್ಮ ಕೆಲಸೆಲ್ಲಾ ಮುಗದಿರತಿತ್ತು.’

‘ಮಲ್ಲಣ್ಣಾ, ಮಬ್ಬ ಬೆಳಕಿನ್ಯಾಗೂ ಬರೂ ರೀಲ ಐತೇನ್ರಿ?’ ಎಂದು ಶೀತಲ ಕೇಳಿದಳು.

‘ಐತ್ರಿ ವೈನಿ. ಕಪ್ಪು-ಬಿಳುಪು ಅಷ್ಟ. ಒಂದ ದೊಡ್ಡ ಬಲ್ಬ ಹಚ್ಚಿದ್ರ ಒಲಿ ಮುಂದೂ ಬರತೈತಿ.’

‘ಅದನ್ನಽ ತರಸ್ರಿ.’

‘ಒಲಿ ಮುಂದ ಏನ ಸಿನಿಮಾ ಐತಿ?’ ಶ್ರೀಶೈಲ ನಕ್ಕ. ‘ಹೊಗಿ ತಗೀತಿಯೇನ?’

‘ಹೊಲದಾಗ ಊಟಾ ತಾನಽ ಬೆಳೀತೈತೇನ್ರಿ? ನನ್ನ ಹೊಲಿಗಿ ರೊಕ್ಕ, ನನ್ನ ರೀಲು. ನಿಮ್ಮ ಪಟಕಾಕ್ಕ ಮೊಬೈಲ್ ಐತಿ.’

ಎಳ್ಳಮಾವಾಸ್ಯೆಯ ನಸುಕು. ಶೀತಲ ಒಲೆಯ ಮೇಲ್ಗಡೆ ಬಲ್ಬು ತೂಗುಹಾಕಿ ಕ್ಯಾಮೆರಾ ಎತ್ತಿದಳು. ಗುರ್ರೆಂದ ಕೂಡಲೇ ಕೆಂಚವ್ವ ರೊಟ್ಟಿ ಬಡಿಯುವ ಕೊಣಮಿಗೆಯ ಸಮೇತ ಪಕ್ಕಕ್ಕೆ ಸರಿದು ದಾರಿಬಿಟ್ಟಳು, ಗಂಡಸರ ಕ್ಯಾಮೆರಾಕ್ಕೆ ಜೀವಮಾನವಿಡೀ ಬಿಟ್ಟ ಹಾಗೆ.

‘ಅತ್ತಿ, ಸರೀಬ್ಯಾಡ್ರಿ. ನಿಮ್ಮನ್ನಽ ತಗ್ಯಾಕತ್ತೇನಿ.’

‘ಅಯ್ಯ, ಮಾರಿ ತುಂಬ ಹಿಟ್ಟೈತಲ್ಲೇ!’

‘ಇರಲಿ ಬಿಡ್ರಿ.’

ಕೆಂಚವ್ವ ಸೆರಗು ಬಿಗಿದು, ಕೊಣಮಿಗೆಯನ್ನು ಬೆಳಕಿಗೆ ಎಳೆದುಕೊಂಡು, ಸಜ್ಜೆರೊಟ್ಟಿಯನ್ನು ಪಟಪಟನೆ ಬಡಿಯತೊಡಗಿದಳು. ಆ ಸಪ್ಪಳ ರೀಲಿನಲ್ಲಿ ಬರುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ಬೀದಿಗೆಲ್ಲ ಕೇಳುವಂತೆ ಬಡಿದಳು.

‘ಗಾಡಿ ಹೂಡೇವಿ! ಚಾ ಎಲ್ಲೈತಿ?’ ಅಂಗಳದಿಂದ ಶ್ರೀಶೈಲ ಕೂಗಿದ. ‘ನಮ್ಮದೂ ಒಂದೀಟ ತಗೀ ಬಾ.’

ಶೀತಲ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ಖಟ್ಟೆಂದು ರೀಲು ಮುಗಿದ ಮೇಲಷ್ಟೇ ತಲೆಯೆತ್ತಿದಳು.

‘ರೀಲ ಮುಗೀತ್ರಿ,’ ಎಂದಳು. ‘ಚಾ ಒಲಿ ಮ್ಯಾಲ ಐತಿ. ಒಳಗ ಬಂದು ಸೋಸ್ಕೋರಿ.’