ಅಕ್ಕ ಹೇಳುತ್ತಿದ್ದ ನಂಬರು

ಇನ್ನು ವಾಸಿಯಾಗುವುದಿಲ್ಲ ಎಂದಾದ ರೋಗಿಗಳನ್ನು ಕೊನೆಯವರೆಗೂ ನೋಡಿಕೊಳ್ಳುವ ಆ ಆಸ್ಪತ್ರೆಯಲ್ಲಿ ಆಕೆಯನ್ನು ಬೆನ್ನ ಹಿಂದೆ ಎಲ್ಲರೂ ಮೇಷ್ಟ್ರಮ್ಮ ಎನ್ನುತ್ತಿದ್ದರು. ಎದುರಿಗೆ ಮಾತ್ರ ಸಿಸ್ಟರ್. ಇಪ್ಪತ್ತಾರು ವರ್ಷ ನರ್ಸಾಗಿ ದುಡಿದವಳು, ತಪ್ಪು ಕಂಡರೆ ಡಾಕ್ಟರನ್ನೂ ಬಿಡುತ್ತಿರಲಿಲ್ಲ. ಹೊಸ ಹುಡುಗಿಯರು ಹಾಸಿಗೆಯ ಚಾದರವನ್ನು ಸುಕ್ಕು ಬಿಟ್ಟು ಹಾಸಿದರೆ, "ಏನಮ್ಮಾ, ಇದರ ಮೇಲೆ ನೀನು ಮಲಗ್ತೀಯಾ? ಎಲ್ಲಿ, ಮಲಗಿ ತೋರಿಸು," ಎಂದು ಮಲಗಿಸಿಯೇ ಬಿಡುತ್ತಿದ್ದಳು. ಹಾಗೆ ಬೈಸಿಕೊಂಡವರೇ ಮಧ್ಯಾಹ್ನ ಆಕೆಯ ಊಟದ ಡಬ್ಬಿಗೆ ಕೈ ಹಾಕುತ್ತಿದ್ದರು.

ಹುಡುಗಿಯರಿಗೆಲ್ಲ ಆಕೆ ಬಾಯಿಪಾಠ ಮಾಡಿಸಿದ್ದ ಸಂಗತಿ ಒಂದಿತ್ತು. ನೋವು ಎಷ್ಟಿದೆ ಎಂದು ರೋಗಿಯನ್ನೇ ಕೇಳಬೇಕು. ಇಲ್ಲವೇ ಇಲ್ಲ ಎಂದರೆ ಸೊನ್ನೆ, ತಡೆಯಲಾರೆ ಎಂದರೆ ಹತ್ತು. ನಡುವೆ ಅವರು ಯಾವ ನಂಬರು ಹೇಳುತ್ತಾರೋ ಅದೇ ಲೆಕ್ಕ. "ಗಂಡನಿಗೇನು ಗೊತ್ತು, ಮಗನಿಗೇನು ಗೊತ್ತು? ನೋವು ಯಾರದೋ ಮಾತೂ ಅವರದೇ. ಮನೆಯವರು ಮೂಗು ತೂರಿಸಿದ್ರೆ ನಯವಾಗಿ ಆಚೆ ಕಳಿಸಿ," ಎನ್ನುತ್ತಿದ್ದಳು. ಸುಮ್ಮಸುಮ್ಮನೆ ಹೇಳಿದ ಮಾತಲ್ಲ ಅದು. 'ಅಮ್ಮ ನಾಟಕ ಆಡ್ತಾಳೆ' ಎಂದು ಮಕ್ಕಳು ಮಾತ್ರೆ ಬಚ್ಚಿಟ್ಟಿದ್ದನ್ನು ಎಷ್ಟೋ ಮನೆಗಳಲ್ಲಿ ಆಕೆ ಕಣ್ಣಾರೆ ಕಂಡಿದ್ದಳು.

ಇಂಥವಳ ಅಕ್ಕನಿಗೇ ಕಾಯಿಲೆ ಬಂತು. ಹೊಟ್ಟೆಯಲ್ಲಿ ಗಡ್ಡೆ, ಕೊಯ್ದು ತೆಗೆಯುವ ಹಂತ ದಾಟಿತ್ತು. ಈ ಅಕ್ಕ ಬರೀ ಅಕ್ಕನಲ್ಲ. ತಾಯಿ ಸತ್ತಾಗ ತಂಗಿಗೆ ಆರು ವರ್ಷ, ಅಕ್ಕನಿಗೆ ಹದಿನೈದು. ತನ್ನ ಪುಸ್ತಕ ಮಡಿಚಿಟ್ಟು ತಂಗಿಯ ಜಡೆ ಹೆಣೆದು ಶಾಲೆಗೆ ಕಳಿಸಿದವಳು, ಅವಳು ನರ್ಸಾಗುವವರೆಗೂ ಮದುವೆಯ ಮಾತೆತ್ತಲು ಯಾರನ್ನೂ ಬಿಟ್ಟಿರಲಿಲ್ಲ. ಆಮೇಲೆ ಒಬ್ಬ ದರ್ಜಿಯನ್ನು ಮದುವೆಯಾದಳು. ಆತ ಅಳತೆ ಕೇಳಲೂ ಸಂಕೋಚಪಡುವ ಸಾಧು ಮನುಷ್ಯ.

ಕಾಯಿಲೆಯ ಸುದ್ದಿ ತಿಳಿದ ದಿನ ಅಕ್ಕ ಅಳಲಿಲ್ಲ. "ಸಾಯೋಕೇನೂ ಹೆದರಿಕೆ ಇಲ್ಲ ಕಣೇ. ನರಳಿ ನರಳಿ ಸಾಯೋ ಹಾಗೆ ಮಾತ್ರ ಆಗ್ಬಾರ್ದು. ಅದೊಂದು ನೋಡ್ಕೋ," ಎಂದಳು.

"ನಾನಿದ್ದೂ ನರಳ್ತೀಯಾ? ನನ್ನ ಕೆಲಸಾನೇ ಅದಲ್ವೇನೇ ಅಕ್ಕಾ! ಒಂದು ದಿನಾನೂ ನರಳೋಕೆ ಬಿಡಲ್ಲ," ಎಂದು ತಂಗಿ ಮಾತು ಕೊಟ್ಟಳು.

ಅದೇ ಹೊತ್ತಿಗೆ ಆಕೆಗೆ ಎಂಟು ವಾರದ ತರಬೇತಿಯ ಕರೆ ಬಂತು. ಅದು ಮುಗಿದರೆ ಬೇರೆ ಬೇರೆ ಆಸ್ಪತ್ರೆಗಳ ನರ್ಸುಗಳಿಗೆ ಪಾಠ ಹೇಳುವ ಕೆಲಸ. ಅಲ್ಲಿಯವರೆಗೆ ಆ ಪಾಠ ಹೇಳುತ್ತಿದ್ದವರೆಲ್ಲ ಡಾಕ್ಟರುಗಳು. ಆಕೆ ಬೇಡವೆಂದಳು. ಅಕ್ಕ ಬಿಡಬೇಕಲ್ಲ! "ಬೆಡ್‌ಪ್ಯಾನ್ ಎತ್ತಿ ಎತ್ತಿ ಸೊಂಟ ಮುರ್ಕೊಂಡಿದ್ದು ಸಾಕು. ಹೋಗಿ ಬೋರ್ಡ್ ಮುಂದೆ ನಿಂತ್ಕೋ. ನನ್ನ ಕಾಯ್ಕೊಂಡು ಕೂತ್ರೆ ನಾನು ಊಟಾನೇ ಬಿಡ್ತೀನಿ ನೋಡು," ಎಂದು ಹಟ ಹಿಡಿದಳು. ನೆರೆಮನೆಯವರಿಗೆಲ್ಲ ಆಗಲೇ 'ನನ್ನ ತಂಗಿ ನರ್ಸ್‌ಗಳಿಗೇ ಟೀಚರ್' ಎಂದು ಸಾರಿಯೂ ಆಗಿತ್ತು.

ಹೊತ್ತು ಹೊತ್ತಿಗೆ ಕೊಡುವ ಮಾರ್ಫಿನ್ ಮಾತ್ರೆಗಳ ಜೊತೆಗೆ ಡಾಕ್ಟರು ಹೆಚ್ಚಿನ ಮಾತ್ರೆಗಳನ್ನೂ ಬರೆದುಕೊಟ್ಟಿದ್ದರು. ನಂಬರು ನಾಲ್ಕು ದಾಟಿದರೆ ಅವನ್ನು ಕೊಡಬೇಕು, ನಂಬರನ್ನೂ ಕೊಟ್ಟ ಮಾತ್ರೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ತರಬೇತಿಗೆ ಹೋಗುವ ಮುಂಚೆ, ಬಂದ ಮೇಲೆ, ದಿನಕ್ಕೆರಡು ಸಲ ಆಕೆ ಅಕ್ಕನ ಮನೆಗೆ ಹೋಗಿ ಮಂಚದ ಬಳಿ ನಿಲ್ಲುತ್ತಿದ್ದಳು.

"ನಂಬರ್ ಹೇಳೇ ಅಕ್ಕಾ."

"ಎರಡು ಇತ್ತು. ನಿನ್ನ ಮುಖ ನೋಡಿದ್ಮೇಲೆ ಮೂರಾಯ್ತು."

ಇಬ್ಬರೂ ನಗುತ್ತಿದ್ದರು. ಆಕೆ ಪುಸ್ತಕದಲ್ಲಿ ಎರಡು ಎಂದು ಬರೆದು ಹೊರಡುತ್ತಿದ್ದಳು. ಅಕ್ಕನ ಮೊಣಕಾಲು ಹೊಟ್ಟೆಯ ಕಡೆಗೆ ಮಡಿಚಿಕೊಂಡಿರುವುದು ಆಕೆಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಆದರೆ ಮುಖ ನೋಡಿ, ಕೈಕಾಲು ನೋಡಿ ನೋವನ್ನು ಅಂದಾಜು ಮಾಡುವುದು ಮಾತು ನಿಂತ ರೋಗಿಗಳಿಗೆ. ಅಕ್ಕನ ಬಾಯಿ ನೆಟ್ಟಗಿತ್ತು, ತಮಾಷೆಯನ್ನೂ ಮಾಡುತ್ತಿತ್ತು.

ಐದನೆಯ ವಾರ ಒಂದು ಬೆಳಿಗ್ಗೆ ಅಕ್ಕ ಎರಡು ಎಂದಾಗ, ಬಾಗಿಲ ಬಳಿ ನಿಂತಿದ್ದ ಭಾವ ಗಂಟಲು ಸರಿಮಾಡಿಕೊಂಡ. "ಹಾಗಲ್ಲ ಕಣಮ್ಮ, ನಿನ್ನೆ ಮಧ್ಯಾಹ್ನ ಇವಳು..."

"ಭಾವಾ," ಎಂದಳು ಆಕೆ, ಹುಡುಗಿಯರಿಗೆ ಹೇಳುವ ದನಿಯಲ್ಲೇ. "ನೋವು ಅಕ್ಕಂದು. ನಂಬರ್ ಅವಳೇ ಹೇಳ್ಬೇಕು. ನೀವು ಮಧ್ಯೆ ಬಾಯಿ ಹಾಕ್ಬೇಡಿ."

ಮದುವೆಯಾದಾಗಿನಿಂದ ನಾದಿನಿಯ ಎದುರು ದನಿ ಏರಿಸಿ ಗೊತ್ತಿಲ್ಲದ ಮನುಷ್ಯ. ಅಡುಗೆಮನೆಗೆ ಹೋದ. ಅಕ್ಕ ಗೋಡೆಯ ಕಡೆ ಮುಖ ಮಾಡಿದಳು. ಅವತ್ತಿನ ತರಗತಿಯಲ್ಲಿ ಮನೆಯವರನ್ನು ಹೇಗೆ ನಿಭಾಯಿಸಬೇಕು ಎಂಬುದಕ್ಕೆ ಆಕೆ ಇದನ್ನೇ ಉದಾಹರಣೆಯಾಗಿ ಹೇಳಿದಳು. ಎಲ್ಲರೂ ತಲೆದೂಗಿದರು.

ಏಳನೆಯ ವಾರ ಅಕ್ಕ ಹೋದಳು. ಕೊನೆಯ ಒಂದೂವರೆ ದಿನ ಎಚ್ಚರವಿರಲಿಲ್ಲ, ಮುಖ ಶಾಂತವಾಗಿತ್ತು. ಆಕೆ ಅತ್ತಳು, ಆದರೆ ಎದೆಯ ಮೇಲೆ ಭಾರವಿರಲಿಲ್ಲ. 'ಕೊಟ್ಟ ಮಾತು ಉಳಿಸ್ಕೊಂಡೆ' ಎಂದು ವಾರ್ಡಿನಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡಳು. ತರಬೇತಿ ಮುಗಿಸಿ ಸರ್ಟಿಫಿಕೇಟನ್ನೂ ತಂದಳು.

ಉಳಿದ ಮಾರ್ಫಿನ್ ಮಾತ್ರೆಗಳನ್ನು ಆಸ್ಪತ್ರೆಗೆ ವಾಪಸು ಕೊಡಬೇಕು, ಅದು ನಿಯಮ. ಹದಿನೈದು ದಿನ ಬಿಟ್ಟು ಆಕೆ ಭಾವನ ಮನೆಗೆ ಹೋದಳು. ಭಾವ ಹೊಲಿಗೆ ಯಂತ್ರದ ಖಾನೆಯಿಂದ ಮಾತ್ರೆಗಳ ಹಾಳೆಗಳನ್ನು ತೆಗೆದು ಒಂದೊಂದಾಗಿ ಆಕೆಯ ಕೈಗಿಟ್ಟ. ಹೆಚ್ಚಿನ ನೋವಿಗೆಂದು ಬರೆದುಕೊಟ್ಟ ಹಾಳೆ ಒಂದೂ ಹರಿದಿರಲಿಲ್ಲ.

"ನನ್ನಿಂದ ತಪ್ಪಾಯ್ತಮ್ಮ," ಎಂದ ಭಾವ.

"ಯಾಕೆ ಭಾವಾ? ನೀವೇನು ಮಾಡಿದ್ರಿ?"

"ನೀನು ಅತ್ತ ಹೋದ್ಯೋ ಇಲ್ವೋ, ಟವೆಲ್ ಕಚ್ಕೊಂಡು ಮುದುರ್ಕೊಳ್ತಿದ್ಲು. ನಿನ್ನ ಥರಾನೇ ನಾನೂ ಕೇಳ್ದೆ, ನಂಬರ್ ಎಷ್ಟೇ ಅಂತ. ಒಂಬತ್ತು ಅಂದ್ಲು. ದಿನಾ ಒಂಬತ್ತೇ. ಮಾತ್ರೆ ಕೊಡೋಕೆ ಹೋದ್ರೆ, ಪುಸ್ತಕದಲ್ಲಿ ಬರೀಬೇಕಾಗುತ್ತೆ, ಅವಳು ಕೋರ್ಸ್ ಬಿಟ್ಟು ಬಂದು ಇಲ್ಲೇ ಕೂರ್ತಾಳೆ ಅಂತ ಕೈ ಹಿಡ್ಕೊಳ್ತಿದ್ಲು. ನಾನು ಅವತ್ತು ಗಟ್ಟಿಯಾಗಿ ಹೇಳಿಬಿಡ್ಬೇಕಿತ್ತು. ಓದಿದೋಳು ನೀನು, ನಿನಗೆ ಗೊತ್ತಾಗದೆ ಇರುತ್ತಾ ಅಂದ್ಕೊಂಡೆ. ಕ್ಷಮಿಸಮ್ಮ."

ತಪ್ಪು ನಿಮ್ಮದಲ್ಲ ಭಾವಾ, ನಿಮ್ಮ ಬಾಯಿ ಮುಚ್ಚಿಸಿದವಳು ನಾನು ಎನ್ನಬೇಕಿತ್ತು. ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, ಹೇಳದೆ ಕೇಳದೆ ಆಸ್ಪತ್ರೆಯವರೆಗೂ ನಡೆದುಬಿಟ್ಟಳು. ಬಸ್ಸಿನ ನೆನಪೇ ಆಗಲಿಲ್ಲ.

ಔಷಧಿಯ ಕೋಣೆಯ ಫಾರ್ಮಸಿಸ್ಟ್ ಆಕೆಯ ಹಳೆಯ ಪರಿಚಯದವನು. ಹಾಳೆಗಳನ್ನು ಎಣಿಸಿ, ದಾಖಲೆ ಪುಸ್ತಕವನ್ನು ಸಹಿಗೆಂದು ಆಕೆಯ ಕಡೆ ತಿರುಗಿಸಿದ. ಸಮಾಧಾನ ಹೇಳಬೇಕೆಂದೇ ಹೇಳಿದ, ಪಾಪ:

"ಇಷ್ಟೊಂದು ಉಳಿದಿದೆಯಲ್ಲ ಸಿಸ್ಟರ್! ನಿಮ್ಮಕ್ಕ ಪುಣ್ಯವಂತರು ಬಿಡಿ. ನೋವೇ ಇರ್ಲಿಲ್ಲ ಅನ್ಸುತ್ತೆ."

"ಇತ್ತಪ್ಪಾ," ಎಂದಳು ಮೇಷ್ಟ್ರಮ್ಮ. "ದಿನಾ ಒಂಬತ್ತಿತ್ತು. ಹೇಳೋಕೆ ಬಂದೋರನ್ನ ನಾನೇ ಸುಮ್ಮನಿರಿಸ್ದೆ."