ಬಂಡೂರಾಯರ ವ್ಯಾಂಪೈರ್

ಬಂಡೂರಾಯರಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗುತ್ತಿರಲಿಲ್ಲ. ಮಗುವಿನ ಕೈಯಲ್ಲಿದ್ದ ತಗಡಿನ ಆಟಿಕೆ ತೋರಿಸಿ ಯಾರಾದರೂ ‘ವಿಮಾನ’ ಎಂದರೆ ಸಾಕು. ‘ವಿಮಾನ ಅಂದ್ರ? ಎತ್ತು, ಎಮ್ಮಿ, ಆಡು ಎಲ್ಲಾ ಕೂಡಿಸಿ ದನ ಅಂದಂಗಾತು’ ಎಂದು ಶುರು ಮಾಡಿ, ಆಟಿಕೆಯನ್ನು ಕಸಿದು, ಹೊಟ್ಟೆ ಮೇಲೆ ಮಾಡಿ, ರೆಕ್ಕೆಯ ಅಂಚನ್ನು ಕಣ್ಣಿಗೆ ಹಿಡಿದು ನೋಡಿ, ‘ಇದು ಕ್ಯಾನ್‌ಬೆರಾ. ಬಾಂಬ್ ಹಾಕೋದು. ತಿಳೀತೇನು?’ ಎಂದು ತೀರ್ಪು ಕೊಡುತ್ತಿದ್ದರು. ಅಷ್ಟರಲ್ಲಿ ಮಗು ಅಳುತ್ತಿರುತ್ತಿತ್ತು. ಮಗುವಿನ ತಾಯಿ ರಾಯರ ಹೆಂಡತಿ ಮುಕ್ತಾಬಾಯಿಯವರ ಮುಖ ನೋಡುತ್ತಿದ್ದಳು, ಮುಕ್ತಾಬಾಯಿ ಗೋಡೆ ನೋಡುತ್ತಿದ್ದರು. ಕಲಬುರಗಿಯ ಮದುವೆ ಮುಂಜಿವೆಗಳಲ್ಲಿ ಗೋಡೆ ನೋಡುವುದು ಅವರಿಗೆ ರೂಢಿಯಾಗಿತ್ತು.

ರಾಯರು ಕಂದಾಯ ಇಲಾಖೆಯಲ್ಲಿ ಗುಮಾಸ್ತರು. ಐವಾನ್-ಎ-ಶಾಹಿ ಕಡೆ ಬಾಡಿಗೆ ಮನೆ. ವಿಮಾನ ಹತ್ತಿದವರಲ್ಲ, ಸಮುದ್ರ ಕಂಡವರಲ್ಲ. ಹೈದರಾಬಾದಿನ ಫುಟ್‌ಪಾತಿನಲ್ಲಿ ಒಮ್ಮೆ ಅವರಿಗೊಂದು ಹಳೆಯ ಪುಸ್ತಕ ಸಿಕ್ಕಿತ್ತು. ಯುದ್ಧವಿಮಾನ, ಯುದ್ಧನೌಕೆಗಳ ಬರೀ ಕಪ್ಪು ನೆರಳುಗಳಿದ್ದ ಪುಸ್ತಕ. ನೆರಳು ನೋಡಿ ಶತ್ರು ಯಾರು, ಮಿತ್ರ ಯಾರು ಎಂದು ಸೈನಿಕರು ಕಲಿಯಬೇಕಾದದ್ದು. ಕಲಬುರಗಿಯ ಆಕಾಶದಲ್ಲಿ ಶತ್ರು ಬರುವ ಲಕ್ಷಣ ಕಾಣದ್ದರಿಂದ ರಾಯರು ಆ ವಿದ್ಯೆಯನ್ನು ಹಳೆಯ ಆಟಿಕೆಗಳ ಮೇಲೆ ತಿರುಗಿಸಿದರು. ಗುಜರಿ ಅಂಗಡಿಯ ಕರೀಂಸಾಬ್ ಒಂದು ಚಪ್ಪಟೆ ಹಡಗನ್ನು ಹಿಡಿಕೆ ಮುರಿದ ಇಸ್ತ್ರಿ ಪೆಟ್ಟಿಗೆ ಎಂದು ಮಾರಲು ಕೂತಿದ್ದ ದಿನ ರಾಯರ ಧ್ವನಿ ಇಡೀ ಗಲ್ಲಿಗೆ ಕೇಳಿಸಿತು.

‘ಸಾಬ್ರ, ಇದು ವಿಮಾನ ಹೊರೋ ಹಡಗ. ವಿಕ್ರಾಂತದ ಜಾತಿ. ಇದರಲೇ ಅಂಗಿ ಇಸ್ತ್ರಿ ಮಾಡ್ತೀರೇನು?’

‘ಮಾಡಿ ನೋಡಿದೆ ರಾವಸಾಬ್. ಬಿಸಿನೇ ಆಗವಲ್ದು’ ಎಂದ ಕರೀಂಸಾಬ್.

ತೊಂಬತ್ತೆರಡನೇ ಇಸವಿಯಲ್ಲಿ ಈ ವಿದ್ಯೆಗೆ ಕೊನೆಗೂ ಒಂದು ಮರ್ಯಾದೆ ಬಂತು. ಸೇಡಂ ರಸ್ತೆಯ ಒಂದು ಶಾಲೆಯ ಹೆಡ್‌ಮಾಸ್ತರ ಮಾಣಿಕಪ್ಪನವರು ‘ಆಟಿಕೆಯ ಹಿಂದಿನ ಅಸಲು’ ಎಂದು ಪ್ರದರ್ಶನ ಇಟ್ಟು, ರಾಯರನ್ನೇ ಮುಂದೆ ನಿಲ್ಲಿಸಿದರು. ರಾಯರು ತಮ್ಮ ಮುಖ್ಯ ವಸ್ತುವನ್ನು ಮೊದಲೇ ಘೋಷಿಸಿಬಿಟ್ಟರು: ವ್ಯಾಂಪೈರ್, ಭಾರತೀಯ ವಾಯುಪಡೆಯ ಮೊದಲನೇ ಜೆಟ್ ಯುದ್ಧವಿಮಾನ. ಪೇಂಟರು ಅದನ್ನು ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದ. ಕೆಳಗೆ ‘ಗುರುತಿಸಿದವರು: ಶ್ರೀ ಬಂಡೂರಾವ್’ ಎಂದು ಬರೆಯಲು ಯಾರು ಹೇಳಿದರೋ ಗೊತ್ತಿಲ್ಲ, ರಾಯರು ಮಾತ್ರ ಬೇಡ ಎನ್ನಲಿಲ್ಲ.

ಆ ವ್ಯಾಂಪೈರ್ ಇದ್ದದ್ದು ಕಮಲಾಪುರದ ಹಿರಿಯರ ಮನೆಯಲ್ಲಿ, ತಾಯಿ ಪಾರ್ವತೀಬಾಯಿಯವರ ವಶದಲ್ಲಿ. ರಾಯರು ಸಣ್ಣವರಿದ್ದಾಗ ಅಪ್ಪ ಹೈದರಾಬಾದಿನಿಂದ ತಂದ ಜಪಾನಿ ತಗಡಿನ ಆಟಿಕೆ ಅದು. ನಡುವೆ ಒಂದು ದಪ್ಪ ಒಡಲು, ಅದರ ಎರಡೂ ಬದಿಗೆ ಹಿಂದಕ್ಕೆ ಚಾಚಿದ ಎರಡು ಉದ್ದನೆಯ ಬಾಲ. ವ್ಯಾಂಪೈರಿಗೂ ಎರಡು ಬಾಲ. ವ್ಯಾಂಪೈರಿಗೆ ಮುಂದೆ ತಿರುಗುವ ಪಂಖ ಇಲ್ಲ, ಆಟಿಕೆಗೂ ಇಲ್ಲ. ಒಡಲು ಸ್ವಲ್ಪ ಹೆಚ್ಚೇ ದಪ್ಪವಾಯಿತಲ್ಲ ಎಂದು ಯಾರಾದರೂ ಅಂದರೆ, ‘ಅದು ಜಪಾನಿನವರ ತಪ್ಪು’ ಎನ್ನುತ್ತಿದ್ದರು.

ಪ್ರದರ್ಶನದ ಹಿಂದಿನ ದಿನ ಭಾದ್ರಪದದ ಮಹಾಲಕ್ಷ್ಮಿಯ ಊಟ. ರಾಯರು ಮುಂಜಾನೆಯೇ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದರು. ಪಡಸಾಲೆಯಲ್ಲಿ ಹಬ್ಬಕ್ಕೆ ಪ್ರತಿಷ್ಠಾಪಿಸಿದ ಹಿರಿಯ, ಕಿರಿಯ ಇಬ್ಬರು ಮಹಾಲಕ್ಷ್ಮಿಯರು ಜರಿ ಸೀರೆಯುಟ್ಟು ನಿಂತಿದ್ದರು. ಅವರ ಮುಂದೆ ಹರಡಿದ ಆಟಿಕೆಗಳ ನಡುವೆ ಭಾರತದ ಮೊದಲನೇ ಜೆಟ್, ಮೈತುಂಬ ಗಿಳಿಹಸಿರು ಎಣ್ಣೆಬಣ್ಣ ಬಳಿದುಕೊಂಡು, ಬೆನ್ನ ಮೇಲೆ ಹಿತ್ತಾಳೆಯ ರಾಮ ಸೀತೆಯರನ್ನು ಕೂರಿಸಿಕೊಂಡು ನಿಂತಿತ್ತು.

‘ಅವ್ವಾ, ಇದಕ್ಕ ಹಸಿರು ಯಾಕ ಬಳದೀ?’

‘ಬಾಗಿಲಕ್ಕ ಹಚ್ಚಿ ಉಳದಿತ್ತು. ಹೋದ ವರ್ಷ ಕೆಂಪು ಉಳದಿತ್ತು, ಕೆಂಪು ಹಚ್ಚಿದ್ದೆ. ಪುಷ್ಪಕ ವಿಮಾನ, ಹಬ್ಬಕ್ಕ ಹಳೇ ಮಾರೀಲೆ ಇರಬೇಕೇನು?’

ಹಬ್ಬಕ್ಕೆ ಬಾಗಿಲು, ತೊಟ್ಟಿಲು, ಮಣೆಗಳಿಗೆ ಬಣ್ಣ ಹಚ್ಚಿ, ಡಬ್ಬಿಯ ತಳದಲ್ಲಿ ಉಳಿದದ್ದನ್ನು ವಿಮಾನಕ್ಕೆ ಬಳಿಯುವುದು ಆ ಮನೆಯ ಪದ್ಧತಿ. ರಾಯರಿಗೆ ಮೈ ಉರಿಯಿತು. ನಾಳೆಯೇ ಬೇಕು, ಈಗಲೇ ಕೊಡು ಎಂದರು. ವಿಸರ್ಜನೆಯಾಗಿ ದೇವರು ಏಳುವ ತನಕ ಮುಟ್ಟುವಂತಿಲ್ಲ ಎಂದರು ತಾಯಿ. ಅಷ್ಟರಲ್ಲಿ ಅರಿಶಿನ ಕುಂಕುಮಕ್ಕೆ ಓಣಿಯ ಹೆಂಗಸರು ಬಂದರು. ಕೇಳುವವರು ಸಿಕ್ಕರೆ ಬಿಡುವ ಕುಳವಲ್ಲ ಅದು. ರಾಯರು ಅವರೆದುರೇ ವಾಯುಪಡೆಯ ಇತಿಹಾಸ ತೆರೆದರು.

ಪಕ್ಕದ ಮನೆಯ ದುಂಡಮ್ಮ ಭಕ್ತಿಯಿಂದಲೇ ಕೇಳಿದಳು: ‘ಪಂಖಾ ಇಲ್ದ ಹ್ಯಾಂಗ ಹಾರ್ತದ್ರೀ ಇದು?’

‘ಅದಕ್ಕೇ ಜೆಟ್ ಅನ್ನೋದು ತಾಯಿ. ಪಂಖಾ ಇಲ್ಲ ಅನ್ನೋದೇ ಇದಕ್ಕ ಪುರಾವೆ.’

ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಪಾರ್ವತೀಬಾಯಿ ತಿರುಗಲೂ ಇಲ್ಲ. ‘ಇದ್ದವಲ್ಲೋ ಬಂಡ್ಯಾ. ಎರಡು ಬಾಲಕ್ಕ ಮುಂದ ಎರಡು ಪಂಖಾ. ಗರಗರ ತಿರುಗತಿದ್ವು. ನೀ ಬೆರಳು ಇಟ್ಟು ಕೊಯ್ಕೊಂಡು ಓಣಿ ಮಂದಿ ಕೂಡೂವಂಗ ಅತ್ತಿ. ನಿಮ್ಮಪ್ಪ ಕಿತ್ತು ನನ್ನ ಕೈಯಾಗ ಕೊಟ್ರು.’

‘ಎಲ್ಲಿ ಒಗದೀ ಅವನ್ನ?’

‘ಒಗೀತಾರೇನು, ಬಂಗಾರದಂಗ ಹೊಳೀತಿದ್ವು. ಕಿರೀ ಮಹಾಲಕ್ಷ್ಮಿ ಕಿವಿ ಬರೇ ಇದ್ವು, ಹಾಕಿದೆ.’

ಎಲ್ಲರೂ ಕಿರಿಯ ಮಹಾಲಕ್ಷ್ಮಿಯ ಕಿವಿ ನೋಡಿದರು. ಒಂದೊಂದರಲ್ಲೂ ನಾಲ್ಕೆಸಳಿನ, ತುದಿ ತುಸು ತಿರುಚಿದ ಓಲೆ. ವರ್ಷ ವರ್ಷ ಅದೇ ದೇವಿಗೆ ಅಡ್ಡಬಿದ್ದಿದ್ದ ರಾಯರು ಅವುಗಳನ್ನು ನೋಡಿದ್ದು ಅಂದೇ ಮೊದಲು.

‘ಅಯ್ಯ, ಹೈದರಾಬಾದಿ ನಮೂನಿ ಅಂತ ಪತ್ತಾರಗ ತೋರ್ಸಿ ನಾನೂ ಅವನ್ನೇ ಮಾಡ್ಸೀನಲ್ರೀ’ ಎಂದು ದುಂಡಮ್ಮ ಸೆರಗು ಸರಿಸಿದಳು. ಅವಳ ಕಿವಿಯಲ್ಲೂ ಅದೇ ವಿಮಾನದ ಪಂಖಗಳು ಹೊಳೆಯುತ್ತಿದ್ದವು. ಹೆಂಗಸರು ಸೆರಗು ಬಾಯಿಗೆ ಹಿಡಿದರು.

ರಾಯರು ಬಾಲದ ಮೂತಿಯನ್ನು ಉಗುರಿನಿಂದ ಕೆರೆದರು. ಹಸಿರು ಎದ್ದಿತು, ಕೆಂಪು ಎದ್ದಿತು, ಅದರ ಕೆಳಗಿನ ನೀಲಿಯೂ ಎದ್ದು, ಮೊಳೆ ಕೂರುವಷ್ಟು ಒಂದು ತೂತು ಕಂಡಿತು. ಎರಡು ಬಾಲ, ಎರಡು ನಾಲ್ಕೆಸಳಿನ ಪಂಖ, ದಪ್ಪ ಒಡಲು. ಜಪಾನಿನವರು ತಪ್ಪು ಮಾಡಿರಲಿಲ್ಲ. ಅದು ವ್ಯಾಂಪೈರ್ ಅಲ್ಲ, ಪ್ಯಾಕೆಟ್: ಲಡಾಖಿನ ಸೈನಿಕರಿಗೆ ಹಿಟ್ಟು, ಕಂಬಳಿ ಹೊತ್ತೊಯ್ಯುತ್ತಿದ್ದ ಸಾಮಾನು ವಿಮಾನ. ರಾಯರಿಗೆ ಅಪ್ಪನ ಮೇಲೆ, ಅವ್ವನ ಮೇಲೆ, ದುಂಡಮ್ಮನ ಪತ್ತಾರನ ಮೇಲೆ, ಬೆರಳು ಇಡಬಾರದ ಕಡೆ ಇಟ್ಟ ಆ ಸಣ್ಣ ಬಂಡ್ಯಾನ ಮೇಲೆ ಒಟ್ಟಿಗೇ ಸಿಟ್ಟು ಬಂತು. ಯಾರನ್ನು ಮೊದಲು ಬೈಯಬೇಕೆಂದು ತಿಳಿಯದೆ ಸುಮ್ಮನೆ ಕೂತರು.

ಮಗ ಸುಮ್ಮನಾದದ್ದು ಕಂಡು ಪಾರ್ವತೀಬಾಯಿ ಹೆದರಿದರು. ರಾಮ ಸೀತೆಯರನ್ನು ಕೈಮುಗಿದು ಇಳಿಸಿ, ವಿಮಾನವನ್ನು ಮಗನ ತೊಡೆಯ ಮೇಲಿಟ್ಟರು. ‘ತಗೊಂಡು ಹೋಗಪ್ಪಾ. ದೇವಿ ಏನೂ ಅನ್ನಂಗಿಲ್ಲ. ಕಿವ್ಯಾಗಿಂದು ಮಾತ್ರ ಕೇಳಬ್ಯಾಡ.’

ಪಂಖವಿಲ್ಲದ ಆ ವಿಮಾನ ಕಲಬುರಗಿಯವರ ಕಣ್ಣಿಗೆ ಖಂಡಿತ ವ್ಯಾಂಪೈರೇ ಆಗುತ್ತಿತ್ತು. ಬೋರ್ಡು ತಯಾರಿತ್ತು, ಕೆಳಗೆ ಹೆಸರೂ ಇತ್ತು. ರಾಯರು ಅದನ್ನು ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಿದ್ದು, ಎದ್ದು, ಇದ್ದ ಜಾಗದಲ್ಲೇ ಇಟ್ಟು ಬಂದರು.

ಮರುದಿನ ಶಾಲೆಯಲ್ಲಿ ಸಂಗತಿ ಕೇಳಿ ಮಾಣಿಕಪ್ಪನವರು ತಲೆ ಮೇಲೆ ಕೈ ಹೊತ್ತರು. ‘ತರಬೇಕಾಗಿತ್ರೀ ರಾಯರ. ಯಾರಿಗೆ ತಿಳೀತಿತ್ತು?’

‘ಯಾರಿಗೆ ತಿಳೀತಿತ್ತು ಅಂದ್ರ?’ ರಾಯರ ಧ್ವನಿಗೆ ಉದ್ಘಾಟನೆಗೆ ಬಂದವರೆಲ್ಲ ತಿರುಗಿದರು. ‘ನನಗ ತಿಳದದಲ್ರೀ. ನಾ ಮನಷ್ಯಾ ಅಲ್ಲೇನು? ಕರೀರಿ ಪೇಂಟರನ್ನ.’

ಪೇಂಟರು ಬಂದು ‘ವ್ಯಾಂಪೈರ್’ ಅಳಿಸಿದ. ಹೊಸ ಬರಹ ಹೀಗಿತ್ತು: ‘ಪ್ಯಾಕೆಟ್. ಸಾಮಾನು ವಿಮಾನ. ಸದ್ಯ ಕಮಲಾಪುರದಲ್ಲಿದೆ. ಪಂಖಗಳು ದೇವಿಯ ಕಿವಿಯಲ್ಲಿವೆ. ತಪ್ಪಾಗಿ ಗುರುತಿಸಿದವರು: ಶ್ರೀ ಬಂಡೂರಾವ್.’ ‘ಶ್ರೀ’ ತೆಗೆಯಲೇ ಎಂದು ಪೇಂಟರು ಕೇಳಿದ್ದಕ್ಕೆ, ಅದೇನು ತಪ್ಪು ಮಾಡಿದೆ ಎಂದು ರಾಯರು ಅವನಿಗೂ ರೇಗಿದರು.

ವಿಮಾನಕ್ಕೆಂದು ಬೋರ್ಡಿನ ಮುಂದೆ ಇಟ್ಟಿದ್ದ ಸ್ಟೂಲು ಖಾಲಿ ಇದ್ದರೆ ಚೆನ್ನಾಗಿ ಕಾಣುವುದಿಲ್ಲವೆಂದು ಮಾಣಿಕಪ್ಪನವರು ಅದರ ಮೇಲೊಂದು ಹೂದಾನಿ ತಂದಿಟ್ಟರು. ರಾಯರು ಅದನ್ನೆತ್ತಿ ಅವರ ಕೈಗೇ ಕೊಟ್ಟು, ‘ಇದು ಪ್ಯಾಕೆಟ್ಟಿನ ಜಾಗಾ’ ಎಂದು, ಚಹಾಕ್ಕೂ ಕದಲದೆ ಪ್ರದರ್ಶನ ಮುಗಿಯುವ ತನಕ ಆ ಖಾಲಿ ಸ್ಟೂಲಿನ ಪಕ್ಕದಲ್ಲಿ ನಿಂತರು. ‘ಇಲ್ಲಿ ಏನೂ ಇಲ್ಲಲ್ರೀ’ ಎಂದವರನ್ನೆಲ್ಲ ಹಿಡಿದು ನಿಲ್ಲಿಸಿ, ಅದು ಎಷ್ಟು ಉದ್ದ, ಎಂಥ ರೆಕ್ಕೆ, ಎಷ್ಟು ಹಿಟ್ಟು ಹೊರುತ್ತದೆ ಎಂದು ಬೈದು ಬೈದು ತಿಳಿಸಿದರು.